ನಿಂತಲ್ಲೇ ನಡುಗುವ ಗಾಡಿ: ಪಂಪು ಬಿಚ್ಚುವ ಮೊದಲು ಪೈಪು ನೋಡಿ

ಹಳೆಯ ಡೀಸೆಲ್ ಗಾಡಿ ಇರುವ ಮನೆಯವರಿಗೆ ಈ ಕಷ್ಟ ಗೊತ್ತಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ನಿಂತಲ್ಲೇ ಗಡಗಡ ನಡುಗುತ್ತದೆ. ಕನ್ನಡಿ ಅಲ್ಲಾಡುತ್ತದೆ, ಸ್ಟೇರಿಂಗ್ ಕೈಯಲ್ಲಿ ಕುಣಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಂಜಿನ್ ತನ್ನಷ್ಟಕ್ಕೆ ಆಫ್ ಆಗುತ್ತದೆ. ರೋಡಿಗೆ ಹತ್ತಿಸಿ ಎಕ್ಸಿಲೇಟರ್ ಒತ್ತಿದರೆ ಮಾತ್ರ ಏನೂ ಆಗಿಲ್ಲ ಎಂಬಂತೆ ಓಡುತ್ತದೆ. ಕೇಳಿದರೆ, "ಹಳೇ ಗಾಡಿ ಅಲ್ವಾ ಮಾರಾಯ್ರೆ, ಅಷ್ಟೆಲ್ಲ ಇರ್ತದೆ" ಎನ್ನುತ್ತಾರೆ. ನಾವೂ ಹಾಗೆ ಹೇಳಿಕೊಂಡೇ ಒಂದು ಮಳೆಗಾಲದ ಅರ್ಧ ಕಳೆದೆವು.

ನಮ್ಮದು ಅಣ್ಣತಮ್ಮಂದಿರು ಸೇರಿ ತೆಗೆದುಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ, ಊರಲ್ಲಿ ಎಲ್ಲರೂ ಜೀಪು ಎಂದೇ ಕರೆಯುವಂಥದ್ದು. ಬೆಳಿಗ್ಗೆ ಶಾಲೆಯ ಮಕ್ಕಳು, ಮಧ್ಯಾಹ್ನ ಅಡಿಕೆ ಮೂಟೆ, ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಆಸ್ಪತ್ರೆ. ಓಡಿಸುವುದು ಪಕ್ಕದ ಮನೆಯ ಹುಡುಗ. ಗಾಡಿ ನಡುಗಲು ಶುರುವಾದಾಗ ಒಂದು ಗ್ಯಾರೇಜಿನವರು ಪಂಪು, ಇಂಜೆಕ್ಟರ್ ಎಲ್ಲಾ ಬಿಚ್ಚಬೇಕು ಎಂದು ಐದಂಕಿಯ ಮೊತ್ತ ಹೇಳಿದರು. ಇನ್ನೊಬ್ಬರು, "ಡೀಸೆಲ್ ಸರಿ ಇಲ್ಲ, ಸೀಮೆಎಣ್ಣೆ ಬೆರೆಸಿದ ಹಾಗೆ ಉಂಟು" ಎಂದರು. ಆ ಎರಡನೇ ಮಾತು ನಮ್ಮ ತಲೆಯೊಳಗೆ ಕೂತುಬಿಟ್ಟಿತು. ಡೀಸೆಲ್ ಹಾಕಿಸುವವನು ಆ ಹುಡುಗ ತಾನೇ? ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಮರುದಿನದಿಂದ ಡೀಸೆಲಿನ ಹಣ ಅವನ ಕೈಗೆ ಕೊಡುವುದನ್ನು ನಿಲ್ಲಿಸಿ, ನಾವೇ ಪಂಪಿಗೆ ಹೋಗಲು ಶುರು ಮಾಡಿದೆವು. ಅವನಿಗೆ ಅರ್ಥವಾಗದೆ ಇರುತ್ತದೆಯೇ?

ಕೊನೆಗೆ ನಮಗೆ ದಾರಿ ತೋರಿಸಿದವರು ಗಲ್ಫಿನಲ್ಲಿ ವರ್ಷಗಟ್ಟಲೆ ಲಾರಿ ರಿಪೇರಿ ಮಾಡಿ ಬಂದು ಈಗ ಮನೆಯಲ್ಲಿರುವ ಒಬ್ಬ ಕಾಕ. ಅವರು ಹೇಳಿಕೊಟ್ಟದ್ದನ್ನು ಓದುಗರಿಗೂ ತಿಳಿಸುವುದು ಈ ಬರಹದ ಉದ್ದೇಶ.

ಮೊದಲು, ನಿಂತಾಗ ಮಾತ್ರ ಯಾಕೆ ನಡುಗುತ್ತದೆ ಎಂಬುದನ್ನು ನೋಡೋಣ. ಡೀಸೆಲ್ ಇಂಜಿನಿನಲ್ಲಿ ಪೆಟ್ರೋಲ್ ಗಾಡಿಯಂತೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು ಇಪ್ಪತ್ತನೇ ಒಂದು ಪಾಲಿಗೆ ಒತ್ತಿದಾಗ ಅದು ಕೆಂಡದಂತೆ ಬಿಸಿಯಾಗುತ್ತದೆ. ಅದರೊಳಗೆ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದರೆ ತಾನಾಗಿ ಉರಿಯುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರ್ 1897ರಲ್ಲಿ ಓಡಿಸಿ ತೋರಿಸಿದ್ದು ಇದೇ ವಿದ್ಯೆ. ಆ ಚಿಮ್ಮಿಸುವ ಪಂಪನ್ನು 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರು ಮಾಡಿದ್ದು ಬಾಷ್ ಕಂಪೆನಿ. ನಮ್ಮ ಹಳೆಯ ಮೇಸ್ತ್ರಿಗಳು "ಮೈಕೊ ಪಂಪು" ಎನ್ನುತ್ತಾರಲ್ಲ, ಆ ಮೈಕೊ ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಅದೇ ಬಳಗದ ಕಂಪೆನಿ.

ಇಂಜಿನ್ ನಿಂತಲ್ಲೇ ಓಡುವಾಗ ನಿಮಿಷಕ್ಕೆ ಸುಮಾರು 750 ಸುತ್ತು. ಆಗ ಒಂದೊಂದು ಸಿಲಿಂಡರಿಗೆ ಒಂದು ಸಲಕ್ಕೆ ಬೇಕಾಗುವುದು ಕೆಲವೇ ಹನಿ ಅಲ್ಲ, ಹನಿಯ ಒಂದು ಪಾಲು ಡೀಸೆಲ್. ಅಷ್ಟು ಸಣ್ಣ ಅಳತೆಯಲ್ಲಿ ಒಂದು ಸಿಲಿಂಡರಿಗೆ ಸ್ವಲ್ಪ ಕಮ್ಮಿಯಾದರೂ, ನಡುವೆ ಗಾಳಿಯ ಗುಳ್ಳೆ ಬಂದರೂ ಲೆಕ್ಕ ತಪ್ಪುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಒಂದು ಉರಿಯದಿದ್ದರೆ ಸೆಕೆಂಡಿಗೆ ಸುಮಾರು ಆರು ಸಲ ಗಾಡಿ ಮುಗ್ಗರಿಸುತ್ತದೆ. ಅದೇ ನಮಗೆ ಗಡಗಡ ಎಂದು ಗೊತ್ತಾಗುವುದು. ಓಡುವಾಗ ಡೀಸೆಲ್ ಜಾಸ್ತಿ ಹೋಗುತ್ತದೆ, ಸುತ್ತೂ ಜಾಸ್ತಿ, ಸಣ್ಣ ತಪ್ಪು ಅದರಲ್ಲಿ ಮುಚ್ಚಿಹೋಗುತ್ತದೆ.

ಕಾಕನ ಮೊದಲ ಪಾಠ, ಬಿಚ್ಚುವ ಮೊದಲು ನೋಡು. ಹೊಗೆಯ ಬಣ್ಣ ನೋಡಬೇಕು. ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿದೆ. ಏರ್ ಫಿಲ್ಟರ್ ಬಿಚ್ಚಿ ನೋಡಿ, ಧೂಳು ಕಟ್ಟಿರಬಹುದು. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಎಂದರೆ ಡೀಸೆಲ್ ಪೂರ್ತಿ ಉರಿಯದೆ ಹೊರಗೆ ಬರುತ್ತಿದೆ. ಬಿಳಿ ಹೊಗೆಯ ಜೊತೆಗೆ ರೇಡಿಯೇಟರಿನ ನೀರೂ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟಿನ ಮೇಲೆ ಕಣ್ಣಿಡಬೇಕು. ಹೊಗೆ ಏನೂ ಇಲ್ಲ, ಇಂಜಿನಿನ ಶಬ್ದವೂ ಒಂದೇ ಸಮ, ನಡುಕ ಮಾತ್ರ ಉಂಟು ಎಂದಾದರೆ ಇಂಜಿನನ್ನು ಹೊತ್ತ ರಬ್ಬರ್ ಮೌಂಟಿಂಗ್ ಹರಿದಿರಬಹುದು. ಐಡಲ್ ಸ್ಕ್ರೂ ಸಡಿಲವಾಗಿ ಸುತ್ತು ತೀರಾ ಇಳಿದರೂ ಗಾಡಿ ನಡುಗುತ್ತದೆ. ಆದರೆ ಬೇರೆ ರೋಗ ಇಟ್ಟುಕೊಂಡು ಸ್ಕ್ರೂ ತಿರುಗಿಸಿ ಸುತ್ತು ಏರಿಸುವುದು ಜ್ವರಕ್ಕೆ ಕಂಬಳಿ ಹೊದೆಸಿದ ಹಾಗೆ ಅಷ್ಟೆ.

ಎರಡನೆಯದು ನೀರು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದು ಮುಖ್ಯ. ಟ್ಯಾಂಕು ಅರ್ಧ ಖಾಲಿ ಇದ್ದರೆ ಒಳಗಿನ ತೇವದ ಗಾಳಿ ರಾತ್ರಿ ತಣ್ಣಗಾಗಿ ನೀರಾಗುತ್ತದೆ. ನೀರು ಡೀಸೆಲಿಗಿಂತ ಭಾರ, ಅಡಿಯಲ್ಲಿ ಕೂರುತ್ತದೆ. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿದರೆ ನೀರು ಬೇರೆಯಾಗಿ ಕಾಣುತ್ತದೆ. ಪಂಪಿನ ಒಳಗಿನ ಭಾಗಗಳಿಗೆ ಡೀಸೆಲೇ ಎಣ್ಣೆ. ನೀರಾಗಲಿ ಸೀಮೆಎಣ್ಣೆಯಾಗಲಿ ಸೇರಿದರೆ ಅವು ಸವೆಯುತ್ತವೆ. ನಮ್ಮ ಬಾಟಲಿಯಲ್ಲಿ ನೀರು ಕಾಣಲಿಲ್ಲ, ವಾಸನೆಯಲ್ಲೂ ತೊಂದರೆ ಇರಲಿಲ್ಲ. ಕಾಕ ಬಾಟಲಿ ಎತ್ತಿ ಬೆಳಕಿಗೆ ಹಿಡಿದು, "ಡೀಸೆಲಿಗೆ ಏನಾಗಿದೆ? ಚೆನ್ನಾಗೇ ಉಂಟಲ್ಲ" ಎಂದರು. ನಾವು ಮುಖ ಆಚೆ ತಿರುಗಿಸಿದೆವು.

ಮೂರನೆಯದು ಗಾಳಿ. ಹೆಚ್ಚಿನವರು ತಪ್ಪುವುದು ಇಲ್ಲಿ. ಪೈಪು ಸೋರಿದರೆ ಡೀಸೆಲ್ ತೊಟ್ಟಿಕ್ಕಬೇಕು ಎಂದು ನಮ್ಮ ಲೆಕ್ಕ. ಆದರೆ ಟ್ಯಾಂಕಿನಿಂದ ಡೀಸೆಲನ್ನು ಎಳೆಯುವ ಭಾಗದಲ್ಲಿ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿ. ಅಲ್ಲಿ ಸಣ್ಣ ಸಂದು ಇದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಂದು ಹನಿಯೂ ನೆಲಕ್ಕೆ ಬೀಳದ ಸೋರಿಕೆ ಅದು. ರಾತ್ರಿ ಗಾಡಿ ನಿಂತಾಗ ಆ ಸಂದಿನಿಂದ ಗಾಳಿ ಸೇರಿ ಡೀಸೆಲ್ ಹಿಂದೆ ಟ್ಯಾಂಕಿಗೆ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಕಷ್ಟ, ಆದ ಮೇಲೆ ನಡುಕ, ಮತ್ತೆ ಆಫ್.

ಇದನ್ನು ಹಿಡಿಯುವುದು ಸುಲಭ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಫಿಲ್ಟರಿನ ಮೇಲಿನ ಕೈಪಂಪನ್ನು ಒತ್ತಿ. ತುಂಬಾ ಸಲ ಮೆತ್ತಗೆ ಹೋಗಿ ಆಮೇಲೆ ಗಟ್ಟಿಯಾದರೆ, ಗಟ್ಟಿಯಾದ ಮೇಲೆ ಗಾಡಿ ಬೇಗ ಸ್ಟಾರ್ಟ್ ಆದರೆ, ಗಾಳಿಯೇ ಕಾರಣ ಇರಬಹುದು. ಆಮೇಲೆ ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ಎರಡು ತುಂಡು ತಂದು, ಒಂದನ್ನು ಫಿಲ್ಟರಿಗೆ ಬರುವ ಕಡೆ, ಇನ್ನೊಂದನ್ನು ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಕೂರಿಸಿ ಇಂಜಿನ್ ಓಡಿಸಿ. ಮೊದಲನೆಯದರಲ್ಲೇ ಗುಳ್ಳೆ ಕಂಡರೆ ತಪ್ಪು ಟ್ಯಾಂಕಿನ ಕಡೆಯ ಪೈಪಿನಲ್ಲಿ. ಮೊದಲನೆಯದು ಶುದ್ಧ, ಎರಡನೆಯದರಲ್ಲಿ ಗುಳ್ಳೆ ಎಂದಾದರೆ ತಪ್ಪು ಫಿಲ್ಟರಿನಲ್ಲಿ. ಇಂಜೆಕ್ಟರುಗಳ ನಡುವಿನ ಸಣ್ಣ ರಿಟರ್ನ್ ಪೈಪುಗಳೂ ಒಣಗಿ ಬಿರುಕು ಬಿಡುತ್ತವೆ, ಅವನ್ನೂ ನೋಡಬೇಕು.

ಗಾಳಿ, ನೀರು ಎರಡೂ ಇಲ್ಲದಿದ್ದರೆ ಮಾತ್ರ ಇಂಜೆಕ್ಟರಿನ ಸರದಿ. ಮೇಸ್ತ್ರಿ ಒಂದೊಂದೇ ಇಂಜೆಕ್ಟರಿನ ಪೈಪಿನ ನಟ್ಟು ಸ್ವಲ್ಪ ಸಡಿಲಿಸುತ್ತಾರೆ. ಸಡಿಲಿಸಿದಾಗ ಇಂಜಿನ್ ಇನ್ನೂ ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸ ಆಗದಿದ್ದರೆ ತಪ್ಪು ಅಲ್ಲೇ. ಆ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ ಬದಲಾಯಿಸಿ ಹಾಕಿದಾಗ ರೋಗವೂ ಅಲ್ಲಿಗೆ ಹೋದರೆ ಇಂಜೆಕ್ಟರ್ ಕೆಟ್ಟಿದೆ. ಹೋಗದೆ ಹಳೆಯ ಜಾಗದಲ್ಲೇ ಉಳಿದರೆ ಕಂಪ್ರೆಶನ್, ವಾಲ್ವ್ ಅಥವಾ ಪಂಪು ನೋಡಬೇಕು. ಗ್ಯಾರೇಜಿನವರು ಪಂಪು ಬಿಚ್ಚಬೇಕು ಎಂದಾಗ, "ಇಷ್ಟೆಲ್ಲ ನೋಡಿದ್ದೀರಾ?" ಎಂದು ಕೇಳುವ ಹಕ್ಕು ನಮಗೆ ಉಂಟು.

ಒಂದು ಎಚ್ಚರಿಕೆ. ಈ ನಟ್ಟು ಸಡಿಲಿಸುವ ಪರೀಕ್ಷೆ ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಮಾತ್ರ, ಅದೂ ಗೊತ್ತಿದ್ದವರ ಕೈಯಲ್ಲಿ. ಟಯರಿನ ಗಾಳಿ ಎರಡು ಬಾರ್ ಆಸುಪಾಸು, ಹಳೆಯ ಇಂಜೆಕ್ಟರಿನಲ್ಲಿ ಅದು ನೂರು ಬಾರಿಗೂ ಮೇಲೆ. ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ಸಾವಿರ ದಾಟುತ್ತದೆ. ಅಂಥ ಡೀಸೆಲ್ ಚಿಮ್ಮಿದರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಸಣ್ಣದೆಂದು ಮನೆಯಲ್ಲಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಮ್ಮ ಗಾಡಿಯಲ್ಲಿ ಮೊದಲ ಪೈಪು ಶುದ್ಧವಾಗಿತ್ತು. ಎರಡನೆಯದರಲ್ಲಿ ಸೋಡಾ ಬಾಟಲಿಯಂತೆ ಗುಳ್ಳೆ. ಕಾಕ ಫಿಲ್ಟರ್ ಕಳಚಿ, ಅಡಿಯ ನೀರು ಬಿಡುವ ತಿರುಪಿನ ರಬ್ಬರ್ ಬಳೆಯನ್ನು ಉಗುರಿನಿಂದ ಎಬ್ಬಿಸಿದರು. ಅದು ಚಪ್ಪಟೆಯಾಗಿ ಗಟ್ಟಿಯಾಗಿತ್ತು. "ಫಿಲ್ಟರ್ ಹೊಸತು, ಬಳೆ ಮಾತ್ರ ಹಳತು. ಯಾರು ಹಾಕಿದ್ದು ಇದನ್ನು?" ಎಂದು ಕೇಳಿದರು.

ಹಾಕಿದ್ದು ನಾವೇ. ಮಳೆಗಾಲದ ಮೊದಲು, ಗ್ಯಾರೇಜಿನ ಕೂಲಿ ಉಳಿಸಲು, ಮನೆಯಂಗಳದಲ್ಲಿ ಕೂತು ಫಿಲ್ಟರ್ ಬದಲಾಯಿಸಿದ್ದೆವು. ಹೊಸ ಬಳೆ ಫಿಲ್ಟರಿನ ಡಬ್ಬಿಯಲ್ಲೇ ಬಂದಿತ್ತು. ಹಳತು ಚೆನ್ನಾಗಿದೆ ಎಂದು ಅದನ್ನೇ ಮತ್ತೆ ಹಾಕಿ, ಹೊಸತನ್ನು ಡಬ್ಬಿಯ ಸಮೇತ ಕಪಾಟಿನ ಮೇಲೆ ಎಸೆದಿದ್ದೆವು. ಹುಡುಕಿದರೆ ಅಲ್ಲೇ ಸಿಕ್ಕಿತು. ಹಾಕಿ, ಕೈಪಂಪು ಒತ್ತಿ ಗಾಳಿ ತೆಗೆದು ಸ್ಟಾರ್ಟ್ ಮಾಡಿದಾಗ ಗಾಡಿ ಮೊದಲಿನಂತೆ ಸುಮ್ಮನೆ ನಿಂತು ಓಡಿತು. ಖರ್ಚು ಎಂದರೆ ಪೈಪಿನ ಎರಡು ತುಂಡಿನದ್ದು ಮಾತ್ರ.

ಅಂದು ಸಂಜೆಯೇ ಹುಡುಗನನ್ನು ಕರೆದು ಆದದ್ದನ್ನು ಹೇಳಿ ಮಾಫಿ ಕೇಳಿದೆವು. ಅವನು, "ನನ್ನಲ್ಲಿ ಒಂದು ಮಾತು ಕೇಳಬಹುದಿತ್ತಲ್ಲ" ಎಂದ, ಅಷ್ಟೆ. ಈಗ ಡೀಸೆಲಿನ ಹಣ ಮತ್ತೆ ಅವನ ಕೈಯಲ್ಲೇ ಇದೆ. ಆದರೆ ಮೊದಲು ಬಿಲ್ಲು ಕೊಡದವನು ಈಗ ಪ್ರತಿ ಸಲ ಬಿಲ್ಲು ತಂದು, ಉಳಿದ ಚಿಲ್ಲರೆಯನ್ನು ಅದರ ಮೇಲೆ ಎಣಿಸಿ ಇಟ್ಟು ಹೋಗುತ್ತಾನೆ. ಬೇಡ ಎಂದರೂ ಕೇಳುವುದಿಲ್ಲ.