ರಸ್ತೆ ಅಪಘಾತದ ಸಾವು: ಪರಿಹಾರ ಪಡೆಯುವ ಬಗೆ

ಭತ್ತದ ಕೊಯ್ಲಿನ ದಿನಗಳಲ್ಲಿ ಬಳ್ಳಾರಿ–ಸಿರುಗುಪ್ಪ ರಸ್ತೆಯ ತುಂಬ ಲಾರಿ, ಟ್ರ್ಯಾಕ್ಟರ್, ಮೋಟಾರ್ ಸೈಕಲ್ಲುಗಳ ಓಡಾಟ. ಇಂಥ ರಸ್ತೆಯಲ್ಲಿ ಮನೆಯ ಯಜಮಾನ ತೀರಿಕೊಂಡರೆ ಮೂರನೆಯ ದಿನಕ್ಕೇ ಊರ ಕಟ್ಟೆಯ ಮೇಲೆ ರಾಜಿಯ ಮಾತು ಏಳುತ್ತದೆ. 'ಕೋರ್ಟು ಯಾಕೆ? ಗಾಡಿಯವರು ಕೊಟ್ಟಷ್ಟು ತೊಗೊಳ್ರಿ' ಎನ್ನುವವರಿರುತ್ತಾರೆ. ದುಃಖದಲ್ಲಿರುವ ಹೆಣ್ಣುಮಗಳು ಬರೆಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಬಿಡುತ್ತಾಳೆ. ರೈತ ಬಾಂಧವರು ಈ ತಪ್ಪು ಮಾಡಬಾರದು. ಪರಿಹಾರ ಕೇಳುವುದು ಕಾಯಿದೆ ಕೊಟ್ಟ ಹಕ್ಕು. ವಾಹನಕ್ಕೆ ವಿಮೆ ಇದ್ದರೆ ಹಣ ಕೊಡುವುದು ವಿಮಾ ಕಂಪನಿ.

ಕಾಗದಪತ್ರ

ಮೊದಲು ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಬೇಕು. ದೂರಿನ ಪ್ರತಿ, ಸ್ಥಳ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ವಾಹನ ತಪಾಸಣೆಯ ವರದಿ, ಆರೋಪಪಟ್ಟಿ, ವಿಮಾ ಪಾಲಿಸಿಯ ಪ್ರತಿ ಇವನ್ನು ಪಡೆದಿಟ್ಟುಕೊಳ್ಳಿ. ಮನೆಯ ಕಡೆಯಿಂದ ಮರಣ ಪತ್ರ, ವಯಸ್ಸಿನ ದಾಖಲೆ, ರೇಷನ್ ಕಾರ್ಡು, ಪಹಣಿ, ಪಾಸ್ ಬುಕ್ಕು, ಭತ್ತ ಮಾರಿದ ಚೀಟಿಗಳು ಬೇಕು.

ಎಲ್ಲಿ, ಯಾವಾಗ

ಬಳ್ಳಾರಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅಪಘಾತ ಆಂಧ್ರದ ಆದೋನಿ ಕಡೆ ಆಗಿದ್ದರೂ ವಾರಸುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಹಿಂದೆ ಕಾಲದ ಮಿತಿ ಇರಲಿಲ್ಲ. 1-4-2022ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಆರು ತಿಂಗಳೊಳಗೆ ಹಾಕಬೇಕು. 'ಸುಗ್ಗಿ ಮುಗೀಲಿ' ಎಂದು ಕಾಯುವುದು ಬೇಡ.

ಲೆಕ್ಕ ಹೇಗೆ?

ಸುಪ್ರೀಂ ಕೋರ್ಟು 2009 ಮತ್ತು 2017ರಲ್ಲಿ ಇದಕ್ಕೆ ಕ್ರಮ ಹಾಕಿಕೊಟ್ಟಿದೆ. 38 ವರ್ಷದ ರೈತನ ತಿಂಗಳ ಆದಾಯ 12,000 ರೂ. ಎಂದು ಇಟ್ಟುಕೊಳ್ಳೋಣ. ಮುಂದಿನ ಏಳಿಗೆಗೆಂದು ಶೇ. 40 ಸೇರಿಸಿದರೆ 16,800 ರೂ. ಹೆಂಡತಿ, ಇಬ್ಬರು ಮಕ್ಕಳು, ತಂದೆತಾಯಿ ಹೀಗೆ ಐವರು ಅವಲಂಬಿತರಿದ್ದರೆ ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯುತ್ತಾರೆ. ಉಳಿಯುವುದು 12,600 ರೂ.; ವರ್ಷಕ್ಕೆ 1,51,200 ರೂ. ಆ ವಯಸ್ಸಿಗೆ 15ರಿಂದ ಗುಣಿಸಿದರೆ 22,68,000 ರೂ. ಅಂತ್ಯಕ್ರಿಯೆ ಮುಂತಾದ ಬಾಬುಗಳು ಬೇರೆ.

'ಹೊಲ ಮನೆಯವರಿಗೇ ಉಳಿದಿದೆಯಲ್ಲ, ನಷ್ಟವೇನು?' ಎಂದು ಎದುರು ವಕೀಲರು ಕೇಳುತ್ತಾರೆ. ನೀರು ಕಟ್ಟುವುದು, ಆಳು ನೋಡುವುದು, ಬೆಳೆ ಮಾರುವುದು ಇವೆಲ್ಲ ಯಾರ ಕೈಯಲ್ಲಿದ್ದವೆಂದು ಸಾಕ್ಷಿ ಹೇಳಿಸಬೇಕು. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟು ಹೇಳಿದೆ.

ತಪ್ಪು ಸಾಬೀತಾಗದಿದ್ದರೆ

ಚಾಲಕನ ತಪ್ಪು ತೋರಿಸದೆಯೂ 164ನೇ ಕಲಮಿನಡಿ ಸಾವಿಗೆ 5 ಲಕ್ಷ ರೂ. ಪಡೆಯಬಹುದು. ಆದರೆ ಅದನ್ನು ಒಪ್ಪಿಕೊಂಡರೆ ಹೆಚ್ಚಿನ ಪರಿಹಾರದ ಅರ್ಜಿ ಬಿದ್ದುಹೋಗುತ್ತದೆ. ಆದ್ದರಿಂದ ವಕೀಲರನ್ನು ಕೇಳದೆ ರುಜು ಹಾಕಬೇಡಿ. ಗುದ್ದಿದ ವಾಹನ ಯಾವುದೆಂದೇ ಗೊತ್ತಾಗದಿದ್ದರೆ 2 ಲಕ್ಷ ರೂ. ಪರಿಹಾರವಿದೆ, ಇದಕ್ಕೆ ಅರ್ಜಿಯನ್ನು ತಾಲ್ಲೂಕಿನ ಕಂದಾಯ ಅಧಿಕಾರಿಗಳಿಗೆ ಕೊಡಬೇಕು.

ಟ್ರ್ಯಾಕ್ಟರ್ ಇರುವವರಿಗೆ

ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತವರಿಗೆ, ಟ್ರೈಲರಿನಲ್ಲಿ ಹೋಗುವ ಆಳುಗಳಿಗೆ ಸಾಮಾನ್ಯವಾಗಿ ಪಾಲಿಸಿ ಅನ್ವಯಿಸುವುದಿಲ್ಲ. ಅನಾಹುತವಾದರೆ ಹೊಣೆ ಮಾಲೀಕನ ತಲೆಗೆ, ಅವನ ಹೊಲಮನೆಗೆ ಬರುತ್ತದೆ. ಪಾಲಿಸಿ ಓದಿಸಿ ನೋಡಿ.

ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೆ 15100ಕ್ಕೆ ಫೋನ್ ಮಾಡಿ. ಹೋದ ಜೀವ ಹಣದಿಂದ ಬಾರದು. ಆದರೆ ಮಕ್ಕಳ ಓದು ನಿಲ್ಲದಂತೆ, ಹೊಲ ಸಾಲಕ್ಕೆ ಹೋಗದಂತೆ ನೋಡಿಕೊಳ್ಳುವುದು ಉಳಿದವರ ಕರ್ತವ್ಯ.