ಗ್ರಾಮದ ಆಟದ ಬಯಲು: ನೆಲ, ಬಿಡುವು ಮತ್ತು ಹೊಣೆ

ಪೀಠಿಕೆ

ಗ್ರಾಮಾಭಿವೃದ್ಧಿಯನ್ನು ಕುರಿತು ನಮ್ಮಲ್ಲಿ ನಡೆದಿರುವ ವಿಚಾರವು ಬಹುಮಟ್ಟಿಗೆ ನೀರು, ರಸ್ತೆ, ಬೆಳೆ, ಶಾಲೆ, ಆಸ್ಪತ್ರೆ ಇವುಗಳ ಸುತ್ತಲೇ ನಡೆದಿದೆ. ಇವು ಮೊದಲು ಆಗಬೇಕಾದ ಕೆಲಸಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಗ್ರಾಮಸ್ಥನಿಗೆ ದುಡಿಮೆಯಂತೆಯೇ ವಿರಾಮವೂ ಉಂಟು. ಆ ವಿರಾಮವನ್ನು ಕಳೆಯಲು ನಾಲ್ಕು ಜನರೊಡನೆ ಕೂಡುವ ಸ್ಥಳವೊಂದು ಬೇಕು ಎಂಬ ಸಂಗತಿಗೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ. ದಿನವೆಲ್ಲ ಹೊಲದಲ್ಲಿ ಬೆವರು ಸುರಿಸುವವರಿಗೆ ವ್ಯಾಯಾಮವೇಕೆ ಎಂಬ ಪ್ರಶ್ನೆಯನ್ನು ವಿದ್ಯಾವಂತರೂ ಕೇಳುವುದುಂಟು. ದುಡಿಮೆಯಲ್ಲಿ ದೇಹ ದಣಿಯುತ್ತದೆ. ಆಟದಲ್ಲಿ ಮನಸ್ಸು ಹಗುರಾಗುತ್ತದೆ, ಒಬ್ಬರೊಡನೊಬ್ಬರ ಒಡನಾಟ ಬೆಳೆಯುತ್ತದೆ. ಇವೆರಡೂ ಒಂದೇ ಎಂದು ಭಾವಿಸುವುದರಿಂದಲೇ ಈ ಪ್ರಶ್ನೆ ಹುಟ್ಟುತ್ತದೆ. ಮೇಲಾಗಿ ಇಂದಿನ ಗ್ರಾಮದಲ್ಲಿ ಶಾಲೆಗೆ ಹೋಗುವ ಮಕ್ಕಳು, ಪೇಟೆಯ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿಬರುವ ತರುಣರು, ಬೇಸಾಯದಿಂದ ನಿವೃತ್ತರಾದ ವೃದ್ಧರು ಇವರೆಲ್ಲರೂ ಇದ್ದಾರೆ; ಇವರು ಹೊಲದಲ್ಲಿ ದುಡಿಯುವವರಲ್ಲ.

ಕರ್ನಾಟಕದ ಗ್ರಾಮಗಳನ್ನು ದೃಷ್ಟಿಯಲ್ಲಿಟ್ಟುಕೊಂಡು, ಸಮುದಾಯದ ಆಟಪಾಟಗಳಿಗೆ ಬೇಕಾದ ಸೌಕರ್ಯವು ಹೇಗೆ ಏರ್ಪಡುತ್ತದೆ, ಏರ್ಪಟ್ಟದ್ದು ಏತಕ್ಕೆ ಉಳಿಯುತ್ತದೆ ಅಥವಾ ಅಳಿಯುತ್ತದೆ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

1. ಹಿಂದಿನ ಏರ್ಪಾಡು

ಹಿಂದಿನ ಗ್ರಾಮದಲ್ಲಿ ಆಟಕ್ಕೆಂದೇ ಮೀಸಲಾದ ನೆಲ ಅಪರೂಪ. ಗರಡಿಮನೆಯೊಂದೇ ಇದಕ್ಕೆ ಮುಖ್ಯವಾದ ಅಪವಾದ. ಕೆಮ್ಮಣ್ಣನ್ನು ಹದಮಾಡಿ ಹಾಕಿದ ಮಟ್ಟಿ, ಗೋಡೆಯ ಮೇಲೆ ಆಂಜನೇಯನ ಪಟ, ಮೂಲೆಯಲ್ಲಿ ಸಾಮಿನ ಸಲಕರಣೆಗಳು ಇವಿಷ್ಟೇ ಅದರ ಸಾಮಗ್ರಿ. ಉಸ್ತಾದನ ಶಿಸ್ತು ಅದರ ಪ್ರಾಣ. ಆದರೆ ಗರಡಿಯು ಗಂಡಸರಿಗೆ ಮಾತ್ರ ಸೇರಿದ್ದು, ಅವರಲ್ಲಿಯೂ ಎಲ್ಲರಿಗೂ ಅಲ್ಲ.

ಉಳಿದ ಆಟಗಳೆಲ್ಲ ಎರವಲು ನೆಲದಲ್ಲಿ ನಡೆಯುತ್ತಿದ್ದವು. ಸುಗ್ಗಿ ಮುಗಿದ ಮೇಲೆ ಬರಿದಾದ ಹೊಲ, ಒಕ್ಕಣೆಯಾದ ಮೇಲೆ ತೆರವಾದ ಕಣ, ಬೇಸಗೆಯಲ್ಲಿ ಒಣಗಿದ ಕೆರೆಯ ಅಂಗಳ, ಊರ ಹೊರಗಿನ ಗುಂಡುತೋಪು, ದೇವಸ್ಥಾನದ ಮುಂದಣ ಬಯಲು ಇವೇ ಚಿಣ್ಣಿದಾಂಡು, ಲಗೋರಿ, ಕಬಡ್ಡಿಗಳ ಅಂಗಣಗಳು. ಬಯಲಾಟಕ್ಕೂ ಕೋಲಾಟಕ್ಕೂ ಇವೇ ರಂಗಸ್ಥಳಗಳು. ನೆಲಕ್ಕೆ ಬಿಡುವು ದೊರೆತ ಕಾಲದಲ್ಲಿಯೇ ಜನರಿಗೂ ಬಿಡುವು ದೊರೆಯುತ್ತಿತ್ತು. ಮಳೆಯಾಶ್ರಯದ ಬೇಸಾಯವಿದ್ದ ಸೀಮೆಯಲ್ಲಿ ಸಂಕ್ರಾಂತಿಯಿಂದ ಯುಗಾದಿಯ ಆಚೀಚೆಯವರೆಗೆ ಜಾತ್ರೆಗಳು ಒತ್ತಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಈ ಏರ್ಪಾಡು ಈಗ ಸಡಿಲವಾಗಿದೆ. ಕಾಲುವೆ ಮತ್ತು ಕೊಳವೆಬಾವಿಗಳ ನೀರಿನಿಂದ ಹೊಲಗಳು ವರ್ಷಕ್ಕೆ ಎರಡು ಮೂರು ಬೆಳೆ ಕಾಣುತ್ತಿವೆ. ಹೊಲವಿದ್ದಲ್ಲಿ ಅಡಕೆ, ತೆಂಗಿನ ತೋಟಗಳು ಎದ್ದಿವೆ. ಒಕ್ಕುವ ಯಂತ್ರ ಬಂದ ಮೇಲೆ ಕಣ ಮಾಡುವ ಪದ್ಧತಿ ಅನೇಕ ಕಡೆ ನಿಂತುಹೋಗಿದೆ. ಗೋಮಾಳ, ಗುಂಡುತೋಪುಗಳು ನಿವೇಶನಗಳಿಗೂ ಕಟ್ಟಡಗಳಿಗೂ ಒತ್ತುವರಿಗೂ ಸಂದಿವೆ. ಬೇಸಾಯದ ಅಭ್ಯುದಯವೇ ಆಟದ ನೆಲವನ್ನು ಕಿರಿದುಮಾಡಿತೆಂಬ ಮಾತು ವಿಚಿತ್ರವಾಗಿ ತೋರಬಹುದು. ಆದರೆ ನಡೆದುದು ಅದೇ. ಎರವಲು ನೆಲ ತಪ್ಪಿದ ಮೇಲೆ ಸ್ವಂತ ನೆಲ ಆವಶ್ಯಕವಾಗುತ್ತದೆ. ಗ್ರಾಮದ ಕ್ರೀಡಾಂಗಣವು ಪಟ್ಟಣದ ಅನುಕರಣೆಯೆಂದು ಹಳಿಯುವವರು ಈ ಅಂಶವನ್ನು ಗಮನಿಸಬೇಕು.

2. ಕಾನೂನಿನ ಸ್ಥಿತಿ

ಕ್ರೀಡೆಯು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ, 33ನೆಯ ನಮೂದಿನಲ್ಲಿ, ನಾಟಕ ಸಿನಿಮಾ ಮನರಂಜನೆಗಳೊಡನೆ ಸೇರಿದೆ. 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಬಹುದಾದ ವಿಷಯಗಳ ಎರಡು ಪಟ್ಟಿಗಳನ್ನು ಕೊಟ್ಟವು. ನಗರಸಂಸ್ಥೆಗಳಿಗೆ ಸಂಬಂಧಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ಉದ್ಯಾನ, ತೋಟ, ಆಟದ ಮೈದಾನಗಳು ನಗರದ ಸೌಕರ್ಯಗಳೆಂದು ಹೆಸರಿಸಲ್ಪಟ್ಟಿವೆ. ಪಂಚಾಯತಿಗಳಿಗೆ ಸಂಬಂಧಿಸಿದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಗ್ರಂಥಾಲಯವಿದೆ, ಸಾಂಸ್ಕೃತಿಕ ಚಟುವಟಿಕೆಯಿದೆ, ಸಂತೆ ಜಾತ್ರೆಗಳಿವೆ. ಆಟದ ಮೈದಾನದ ಹೆಸರಿಲ್ಲ. ಗ್ರಾಮದಲ್ಲಿ ಬಯಲಿಗೇನು ಕೊರತೆ ಎಂಬ ಭಾವನೆ ಇದರ ಹಿಂದೆ ಇದ್ದಿರಬಹುದು. ಕೊನೆಯ ವಿಷಯವಾದ ಸಮುದಾಯದ ಆಸ್ತಿಗಳ ರಕ್ಷಣೆ ಎಂಬುದರ ಅರ್ಥವ್ಯಾಪ್ತಿಯಲ್ಲಿ ಆಟದ ಬಯಲನ್ನು ತರಲು ಅವಕಾಶವಿದೆ.

ನೆಲವನ್ನು ಕಾಯ್ದಿಡುವುದಕ್ಕೆ ಬೇರೆ ಆಧಾರಗಳೂ ಇವೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 71ನೆಯ ಪ್ರಕರಣವು ಸರ್ಕಾರಿ ನೆಲವನ್ನು ದನಗಳ ಮೇವಿಗೆ ಅಥವಾ ಇತರ ಸಾರ್ವಜನಿಕ ಉದ್ದೇಶಕ್ಕೆ ಮೀಸಲಿಡುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಡುತ್ತದೆ. ಹಾಗೆ ಮೀಸಲಾದುದನ್ನು ಅವರ ಅನುಮತಿಯಿಲ್ಲದೆ ಬೇರೊಂದಕ್ಕೆ ಬಳಸುವಂತಿಲ್ಲ. ಗ್ರಾಮದ ಸಾಮೂಹಿಕ ನೆಲಗಳ ಒತ್ತುವರಿಯನ್ನು ತೆರವುಮಾಡಿಸಲು ಯೋಜನೆ ರೂಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಶಾಲೆಗೆ ಆಟದ ಮೈದಾನವಿರಬೇಕೆಂದು ವಿಧಿಸಿದೆ.

ಆದುದರಿಂದ ಬಯಲನ್ನು ಸಮತಟ್ಟು ಮಾಡಿಸುವುದಕ್ಕೆ ಮುಂಚೆ, ಅದರ ಸರ್ವೆ ನಂಬರು, ಎಲ್ಲೆ, ಉದ್ದೇಶ ಈ ಮೂರೂ ದಾಖಲೆಗೆ ಬರಬೇಕು. ಪಹಣಿಯಲ್ಲಿ ಕಾಣದ ಬಯಲು ಎಷ್ಟು ಕಾಲದಿಂದ ಬಳಕೆಯಲ್ಲಿದ್ದರೂ, ನೀರಿನ ತೊಟ್ಟಿಗೋ ಭವನಕ್ಕೋ ಜಾಗ ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ಅದೇ.

3. ಎಷ್ಟು ನೆಲ ಬೇಕು?

ಗ್ರಾಮದಲ್ಲಿ ಕ್ರೀಡಾಂಗಣವೆಂದರೆ ದೊಡ್ಡ ಮೈದಾನವೇ ಆಗಬೇಕೆಂಬ ಕಲ್ಪನೆಯಿಂದ ಕೆಲಸ ಆರಂಭದಲ್ಲಿಯೇ ನಿಲ್ಲುವುದುಂಟು. 400 ಮೀಟರು ಓಟದ ಪಥಕ್ಕೆ ಸುಮಾರು 4 ಎಕರೆ ನೆಲ ಬೇಕೆಂಬುದು ನಿಜ. ಆದರೆ ಗ್ರಾಮದಲ್ಲಿ ಹೆಚ್ಚು ರೂಢಿಯಲ್ಲಿರುವ ಆಟಗಳ ಲೆಕ್ಕ ಬೇರೆ. ಪುರುಷರ ಕಬಡ್ಡಿ ಅಂಗಣ 13 ಮೀಟರು ಉದ್ದ, 10 ಮೀಟರು ಅಗಲ. ಸುತ್ತ 4 ಮೀಟರು ಬಿಟ್ಟರೆ 378 ಚದರ ಮೀಟರು. ಖೋ-ಖೋ ಅಂಗಣ 27 ಮೀಟರು ಉದ್ದ, 16 ಮೀಟರು ಅಗಲ. ಸುತ್ತ ಒಂದೂವರೆ ಮೀಟರು ಸೇರಿದರೆ 570 ಚದರ ಮೀಟರು. ವಾಲಿಬಾಲ್ ಅಂಗಣ 18 ಮೀಟರು ಉದ್ದ, 9 ಮೀಟರು ಅಗಲ. ಸುತ್ತ 3 ಮೀಟರು ಬಿಟ್ಟರೆ 360 ಚದರ ಮೀಟರು. ಮೂರೂ ಸೇರಿ 1308 ಚದರ ಮೀಟರು, ಎಂದರೆ ಸುಮಾರು 13 ಗುಂಟೆ. ಒಂದು ಎಕರೆಯ 40 ಗುಂಟೆಯಲ್ಲಿ ಈ ಮೂರು ಅಂಗಣಗಳು ಹಿಡಿದು, ಎಳೆಯ ಮಕ್ಕಳ ಮೂಲೆ, ವೃದ್ಧರು ನಡೆದಾಡುವ ದಾರಿ, ನೆರಳಿನ ಮರ, ಸಣ್ಣದೊಂದು ಬಯಲು ರಂಗಮಂದಿರ ಇವುಗಳಿಗೂ ಸ್ಥಳ ಉಳಿಯುತ್ತದೆ.

ಇಷ್ಟು ಕಡಿಮೆ ನೆಲದಿಂದ ಏನಾಗಬಹುದೆಂಬುದಕ್ಕೆ ಖೋ-ಖೋ ಉತ್ತಮ ನಿದರ್ಶನ. ಈ ಆಟಕ್ಕೆ ಎರಡು ಕಂಬ ಮತ್ತು ಹದವಾದ ನೆಲ ಸಾಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಖೋ-ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು.

ನೆಲವನ್ನು ಅಣಿಮಾಡುವಲ್ಲಿ ಸೀಮೆಗೆ ತಕ್ಕ ವ್ಯತ್ಯಾಸಗಳುಂಟು. ಬಯಲುಸೀಮೆಯ ಎರೆಮಣ್ಣು ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಕಾಲಿಗೆ ಮೆತ್ತುತ್ತದೆ. ಅಲ್ಲಿ ಮೇಲ್ಪದರವನ್ನು ತೆಗೆದು ಗರಸು ಹಾಕಿ ಗಟ್ಟಿಸಬೇಕು. ಮಲೆನಾಡಿನಲ್ಲಿ ಇಳಿಜಾರನ್ನು ಕಡಿದು ತುಂಬಬೇಕಾಗುವುದರಿಂದ ನೀರು ಹರಿದುಹೋಗುವ ಕಾಲುವೆಯೇ ಮುಖ್ಯವಾದ ವೆಚ್ಚ. ಎಲ್ಲಿಯೇ ಆಗಲಿ ಅಂಗಣದ ಉದ್ದವು ಉತ್ತರ ದಕ್ಷಿಣವಾಗಿದ್ದರೆ ಸಂಜೆಯ ಬಿಸಿಲು ಆಟಗಾರರ ಕಣ್ಣಿಗೆ ಹೊಡೆಯುವುದಿಲ್ಲ. ಪಡುವಣ ಅಂಚಿನಲ್ಲಿ ಹೊಂಗೆ ಬೇವುಗಳನ್ನು ನೆಟ್ಟರೆ ನೆರಳೂ ದೊರೆಯುತ್ತದೆ.

4. ಯಾರ ಬಿಡುವು?

ನೆಲ ದೊರೆತ ಮಾತ್ರಕ್ಕೆ ಸೌಕರ್ಯ ಎಲ್ಲರದೂ ಆಗುವುದಿಲ್ಲ. ಬಯಲಿಗೆ ಬಾರದವರು ಯಾರು ಎಂದು ಕೇಳಿದಾಗಲೇ ಅದರ ನಿಜವಾದ ಸ್ಥಿತಿ ತಿಳಿಯುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಿದ್ದರು. ಗಂಡಸರಿಗೆ ಬಿಡುವಾಗುವ ಸಂಜೆಯ ಹೊತ್ತು ಹೆಂಗಸರಿಗೆ ಒಲೆಯ ಹೊತ್ತು. ಅರಳಿಕಟ್ಟೆಯ ಮೇಲೆ ಹೆಂಗಸರು ಕುಳಿತು ಹರಟುವುದು ರೂಢಿಯಲ್ಲಿಲ್ಲದಿರುವಂತೆಯೇ, ಹೆಸರಿಗೆ ಸಾರ್ವಜನಿಕವಾದ ಬಯಲೂ ತರುಣರ ಪಾಲಿಗೆ ಮಾತ್ರ ಉಳಿದುಬಿಡಬಹುದು. ಕ್ರಿಕೆಟ್ಟಿನ ಒಂದು ಪಂದ್ಯವೇ ಇಡೀ ಬಯಲನ್ನು ದಿನವೆಲ್ಲ ಹಿಡಿದುಕೊಳ್ಳುವುದು ಸರ್ವವಿದಿತ.

ಇದಕ್ಕೆ ಪರಿಹಾರ ವೇಳಾಪಟ್ಟಿಯಲ್ಲಿದೆ. ಶಾಲೆ ಬಿಟ್ಟ ಕೂಡಲೆ ಎರಡು ಗಂಟೆ ಹುಡುಗಿಯರಿಗೆ, ಬೆಳಗಿನ ಹೊತ್ತು ವೃದ್ಧರಿಗೆ, ಕತ್ತಲಾದ ಮೇಲೆ ದೀಪದ ಬೆಳಕಿನಲ್ಲಿ ದುಡಿದು ಬಂದವರಿಗೆ ಎಂಬ ನಿಯಮವನ್ನು ಗ್ರಾಮಸಭೆಯೇ ಒಪ್ಪಿ ಬರೆದಿಟ್ಟರೆ, ಅದು ಹೊಸ ಕಟ್ಟಡಕ್ಕಿಂತ ಹೆಚ್ಚಿನ ಪ್ರಯೋಜನವನ್ನು ಕೊಡುತ್ತದೆ. ಶೌಚಾಲಯ, ಕುಡಿಯುವ ನೀರು, ಮನೆಗೆ ಹಿಂದಿರುಗುವ ದಾರಿಯಲ್ಲಿ ಬೆಳಕು ಇವು ಹುಡುಗಿಯರ ಪಾಲಿಗೆ ಚೆಂಡಿನಷ್ಟೇ ಅಗತ್ಯವಾದ ಸಲಕರಣೆಗಳು.

ಜಾತಿಯ ಪ್ರಶ್ನೆಯನ್ನೂ ಇಲ್ಲಿ ಮರೆಯಲಾಗದು. ಸರ್ಕಾರದ ಹಣದಿಂದ ಪೂರ್ಣವಾಗಿಯೋ ಭಾಗಶಃವೋ ನಡೆಯುವ ಸಾರ್ವಜನಿಕ ಸ್ಥಳಗಳ ಉಪಯೋಗವನ್ನು ಧರ್ಮ, ಜಾತಿ, ಲಿಂಗಗಳ ಕಾರಣದಿಂದ ಯಾರಿಗೂ ತಪ್ಪಿಸಬಾರದೆಂದು ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಖಂಡ ಹೇಳುತ್ತದೆ. ಕಾನೂನು ಬಾಗಿಲನ್ನು ತೆರೆಯಬಲ್ಲದು. ಒಳಗೆ ಬರುವ ಧೈರ್ಯವನ್ನು ಕೊಡಬೇಕಾದದ್ದು ಸ್ಥಳದ ಆಯ್ಕೆ. ಒಂದು ಕೇರಿಯ ಅಥವಾ ಒಂದು ಗುಡಿಯ ಅಂಗಳವೆಂದು ಹೆಸರಾದ ಜಾಗಕ್ಕಿಂತ, ಎಲ್ಲ ಕೇರಿಗಳ ಮಕ್ಕಳೂ ಆಗಲೇ ಕೂಡುವ ಶಾಲೆಯ ಮಗ್ಗುಲಿನ ನೆಲ ಈ ದೃಷ್ಟಿಯಿಂದ ಉತ್ತಮ.

5. ಹೊಣೆ ಯಾರದು?

ಸರ್ಕಾರದ ಯೋಜನೆಗಳ ಇತಿಹಾಸದಿಂದ ಕಲಿಯಬೇಕಾದ ಪಾಠವೊಂದಿದೆ. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯು ಜನರಲ್ಲಿ ಸ್ವಯಂಪ್ರೇರಣೆಯನ್ನು ಹುಟ್ಟಿಸುವುದರಲ್ಲಿ ಸಫಲವಾಗಲಿಲ್ಲವೆಂದು ಬಲವಂತರಾಯ್ ಮೆಹ್ತಾ ಸಮಿತಿ 1957ರಲ್ಲಿ ಅಭಿಪ್ರಾಯಪಟ್ಟಿತು. ಅರ್ಧ ಶತಮಾನದ ಬಳಿಕ, 2008ರಲ್ಲಿ, ಪ್ರತಿ ಗ್ರಾಮ ಪಂಚಾಯತಿಗೂ ಆಟದ ಮೈದಾನ ಒದಗಿಸುವ ಗುರಿಯಿಂದ ಪಂಚಾಯತ್ ಯುವ ಕ್ರೀಡಾ ಮತ್ತು ಖೇಲ್ ಅಭಿಯಾನ್ ಬಂದಿತು; ಮೈದಾನವನ್ನು ನಡೆಸಲು ಕ್ರೀಡಾಶ್ರೀ ಎಂಬ ಗೌರವ ಕಾರ್ಯಕರ್ತರನ್ನೂ ಅದು ಕಲ್ಪಿಸಿತು. 2014ರಲ್ಲಿ ಅದರ ಸ್ಥಾನಕ್ಕೆ ಬಂದ ರಾಜೀವ್ ಗಾಂಧಿ ಖೇಲ್ ಅಭಿಯಾನ್ ಗುರಿಯನ್ನು ಗ್ರಾಮದಿಂದ ಬ್ಲಾಕಿನ ಮಟ್ಟಕ್ಕೆ ಏರಿಸಿತು; 2016ರಲ್ಲಿ ಅದೂ ಖೇಲೋ ಇಂಡಿಯಾದಲ್ಲಿ ಲೀನವಾಯಿತು. ಎಂಟೇ ವರ್ಷಗಳಲ್ಲಿ ಯೋಜನೆಯ ಹೆಸರು ಎರಡು ಬಾರಿ ಬದಲಾಯಿತು. ಮೈದಾನದ ಆಯುಷ್ಯವು ಯೋಜನೆಯ ಆಯುಷ್ಯಕ್ಕಿಂತ ದೀರ್ಘವಾಗಿರಬೇಕಾದರೆ ಅದರ ಹೊಣೆ ಊರಿನಲ್ಲಿಯೇ ಬೇರೂರಿರಬೇಕು.

ಹಾಗೆ ಬೇರೂರಿದ ಎರಡು ನಿದರ್ಶನಗಳು ಕರ್ನಾಟಕದಲ್ಲಿಯೇ ಇವೆ. ಮೊದಲನೆಯದು ಕೊಡವ ಕುಟುಂಬಗಳ ಹಾಕಿ ಉತ್ಸವ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳೊಡನೆ ಇದು ಆರಂಭವಾಯಿತು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಉತ್ಸವದಲ್ಲಿ 360 ಕುಟುಂಬಗಳು ಭಾಗವಹಿಸಿದವು. ಪ್ರತಿ ಉತ್ಸವವನ್ನೂ ಒಂದೊಂದು ಕುಟುಂಬ ವಹಿಸಿಕೊಳ್ಳುತ್ತದೆ. ಕುಟುಂಬದ ತಂಡದಲ್ಲಿ ಗಂಡಸರೊಡನೆ ಹೆಂಗಸರೂ ಆಡುತ್ತಾರೆ. ಹೊಣೆಯು ಸರದಿಯಂತೆ ಸಾಗುವುದರಿಂದ ಯಾರೊಬ್ಬರಿಗೂ ಅದು ನಿತ್ಯದ ಭಾರವಾಗುವುದಿಲ್ಲ.

ಎರಡನೆಯದು ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ. 1949ರಲ್ಲಿ ಊರಿನವರ ಹವ್ಯಾಸಿ ನಾಟಕಸಂಘವಾಗಿ ಹುಟ್ಟಿದ ಈ ಸಂಸ್ಥೆಯು, ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿತು. ಆಟದ ಬಯಲಿಗೂ ನಾಟಕಸಂಘಕ್ಕೂ ಏನು ಸಂಬಂಧವೆಂದು ಕೇಳಬಹುದು. ಎರಡೂ ಬಿಡುವಿನ ಬಳಕೆಗೆ ಸಂಬಂಧಿಸಿದವು. ಎರಡು ಕಡೆಯೂ ಕೂಡಿ ಮಾಡುವ ಅಭ್ಯಾಸ ಮೊದಲು ಬಂದಿತು, ದೊಡ್ಡ ಏರ್ಪಾಡುಗಳು ಆ ಅಭ್ಯಾಸವನ್ನು ಹಿಂಬಾಲಿಸಿದವು.

ಸಾಮಾನ್ಯ ಗ್ರಾಮವೊಂದರಲ್ಲಿ ಇದರ ರೂಪ ಸರಳವಾಗಿರಬಹುದು. ಪಂಚಾಯತಿ, ಶಾಲೆ, ಸ್ವಸಹಾಯ ಸಂಘ, ಯುವಕರ ಸಂಘ ಇವುಗಳಿಂದ ಒಬ್ಬೊಬ್ಬರು ಸೇರಿದ ಸಮಿತಿ; ಕಳೆ ಕೀಳುವುದು, ಗೆರೆ ಹಾಕುವುದು, ಚೆಂಡು ಬಲೆಗಳನ್ನು ಕಾಯುವುದು ಇವುಗಳಿಗೆ ಕೇರಿಯಿಂದ ಕೇರಿಗೆ ಸರದಿ; ಪಂಚಾಯತಿಯ ವಾರ್ಷಿಕ ಆಯವ್ಯಯದಲ್ಲಿ ದುರಸ್ತಿಗೆಂದು ಚಿಕ್ಕದಾದರೂ ತಪ್ಪದ ಒಂದು ಮೊತ್ತ. ನಿರ್ಮಾಣಕ್ಕೆ ದೊಡ್ಡ ಅನುದಾನ ಪಡೆದು ದುರಸ್ತಿಗೆ ಏನನ್ನೂ ಇಡದಿದ್ದರೆ ಎರಡು ಮಳೆಗಾಲಗಳಲ್ಲಿ ಅಂಗಣದಲ್ಲಿ ಪಾರ್ಥೇನಿಯಂ ಬೆಳೆಯುವುದು ಖಂಡಿತ.

ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು: ಗ್ರಾಮದ ಆಟದ ಸೌಕರ್ಯವು ದಾಖಲೆಯಲ್ಲಿ ಭದ್ರವಾದ ನೆಲ, ಎಲ್ಲರ ಬಿಡುವಿಗೂ ಹೊಂದಿದ ವೇಳೆ, ಊರೇ ಹೊತ್ತ ಹೊಣೆ ಈ ಮೂರರ ಕೂಟ. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಬಹುಕಾಲ ನಿಲ್ಲವು.

ಈ ಕಾರ್ಯದಲ್ಲಿ ಕಾಲೇಜುಗಳು ಮಾಡಬಹುದಾದ ಕೆಲಸವೊಂದುಂಟು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳು ಗ್ರಾಮಗಳಲ್ಲಿ ನಡೆಯುತ್ತವೆ. ಅಂಥ ಶಿಬಿರದ ಒಂದೆರಡು ದಿನಗಳನ್ನು ಊರಿನ ಸಾಮೂಹಿಕ ನೆಲಗಳ ಪಟ್ಟಿಮಾಡುವುದಕ್ಕೆ ಮೀಸಲಿಡಬಹುದು. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಇದೆ, ಪಹಣಿಯಲ್ಲಿ ಏನೆಂದು ಬರೆದಿದೆ, ಸ್ಥಳದಲ್ಲಿ ಏನಿದೆ, ಯಾವ ಹೊತ್ತಿನಲ್ಲಿ ಯಾರು ಬಳಸುತ್ತಾರೆ, ಯಾರು ಬಳಸುವುದಿಲ್ಲ ಎಂಬ ಐದು ಪ್ರಶ್ನೆಗಳಿಗೆ ಉತ್ತರವನ್ನು ಸಂಗ್ರಹಿಸಿ ಗ್ರಾಮಸಭೆಯ ಮುಂದಿಟ್ಟರೆ, ವಿದ್ಯಾರ್ಥಿಗಳಿಗೆ ಅದು ಉತ್ತಮವಾದ ಕ್ಷೇತ್ರಾಭ್ಯಾಸವಾಗುತ್ತದೆ. ಊರಿಗೆ ತನ್ನಲ್ಲಿ ಇನ್ನೂ ಉಳಿದಿರುವ ನೆಲದ ಲೆಕ್ಕ ದೊರೆಯುತ್ತದೆ. ಆ ಲೆಕ್ಕ ಕೈಗೆ ಬರುವುದು ತಡವಾದಷ್ಟೂ ಉಳಿಯುವ ನೆಲ ಕಡಿಮೆಯಾಗುತ್ತ ಹೋಗುವುದರಿಂದ, ಈ ಕೆಲಸವನ್ನು ಮುಂದಿನ ಶಿಬಿರಗಳಲ್ಲಿಯೇ ಕೈಗೊಳ್ಳುವುದು ಯುಕ್ತ.