ಕದಲದೆ ಬೆಳೆಯುವ ಬಲ

ಕಂಬಳದಲ್ಲಿ ಎಲ್ಲರ ಕಣ್ಣೂ ಓಡುವವನ ಮೇಲೆಯೇ. ಆದರೆ ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ನಡೆಯುವಾಗ ಗಂತಿನ ಕಡೆಗೊಮ್ಮೆ ದೃಷ್ಟಿ ಹಾಯಿಸಿರಿ. ಹೊರಡಲು ತವಕಿಸುವ ಕೋಣಗಳನ್ನು ಸೂಚನೆ ದೊರೆಯುವವರೆಗೆ ಕೆಲವರು ಹಿಡಿದು ನಿಲ್ಲಿಸಿರುತ್ತಾರೆ. ಅವರು ಓಡುವುದಿಲ್ಲ, ಆದರೂ ತೋಳುಗಳು ಹುರಿಗಟ್ಟಿ ಮೈ ಬೆವರುತ್ತದೆ. ಕದಲದೆ ನಡೆಯುವ ಇಂತಹ ಶ್ರಮಕ್ಕೆ ವ್ಯಾಯಾಮಶಾಸ್ತ್ರಜ್ಞರು ‘ಐಸೊಮೆಟ್ರಿಕ್’ ಎನ್ನುತ್ತಾರೆ. ಇಲ್ಲಿ ಸ್ನಾಯು ಬಿಗಿಯುತ್ತದೆ. ಆದರೆ ಕೀಲು ಮಡಚುವುದೂ ಇಲ್ಲ, ಚಾಚುವುದೂ ಇಲ್ಲ.

ಬಂಟ್ವಾಳದ ಅಡಿಕೆ ತೋಟಗಳಲ್ಲಿ ಇದರ ಇನ್ನೊಂದು ರೂಪವನ್ನು ಕಾಣಬಹುದು. ಮಳೆಗಾಲದಲ್ಲಿ ಕೊಳೆರೋಗದ ಭಯಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮರವೇರಿದವನು, ತುದಿ ಮುಟ್ಟಿದ ಮೇಲೆ ಕಾಲುಗಳಿಂದ ಮರವನ್ನು ಅವಚಿಕೊಂಡು ನಿಶ್ಚಲನಾಗಿ ನಿಲ್ಲಬೇಕು. ಅವನ ತೊಡೆಯ ಬಲವೆಲ್ಲ ಈ ನಿಲುವಿನಲ್ಲಿದೆ. ಇಂತಹ ನುರಿತವರು ಈಗ ವಿರಳ. ಸಜಿಪಮೂಡದ ಕೃಷಿಕರೊಬ್ಬರು ಕುಳಿತೇ ಮರವೇರುವ ಯಂತ್ರವನ್ನು ರೂಪಿಸಿ 2019ರಲ್ಲಿ ನಾಡಿನ ಗಮನ ಸೆಳೆದರು. ತೋಟಕ್ಕೆ ಅದರಿಂದ ಉಪಕಾರವೇ ಸರಿ. ತೊಡೆಗೆ ಮಾತ್ರ ಬೇರೆ ಕೆಲಸ ಹುಡುಕಬೇಕಾಗುತ್ತದೆ!

ಆ ಕೆಲಸಕ್ಕೆ ಮನೆಯ ಮುರಕಲ್ಲಿನ ಗೋಡೆಯೊಂದಿದ್ದರೆ ಸಾಕು. ಗೋಡೆಗೆ ಬೆನ್ನನ್ನು ಒರಗಿಸಿ, ಪಾದಗಳನ್ನು ಒಂದೂವರೆ ಅಡಿ ಮುಂದಿಟ್ಟು, ಇಲ್ಲದ ಕುರ್ಚಿಯ ಮೇಲೆ ಕುಳಿತಂತೆ ಮೆಲ್ಲನೆ ಕೆಳಗೆ ಜಾರಬೇಕು. ಹೊಸಬರು ಪೂರ್ತಿ ಕೆಳಗಿಳಿಯಬೇಕಾಗಿಲ್ಲ. ಸಹನೀಯವಾದ ಎತ್ತರದಲ್ಲಿ ಹದಿನೈದು-ಇಪ್ಪತ್ತು ಸೆಕೆಂಡು ನಿಂತು ಎದ್ದರಾಯಿತು. ವಾರ ವಾರಕ್ಕೂ ಕಾಲವನ್ನು ಹೆಚ್ಚಿಸುತ್ತ ಹೋಗಬಹುದು. ಯೋಗ ಬಲ್ಲವರಿಗೆ ಇದು ಉತ್ಕಟಾಸನದ ನೆಂಟನೆಂದು ಹೊಳೆಯದಿರದು. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗವಿಜ್ಞಾನದ ಕಾಲೇಜೇ ಇರುವಾಗ ಆಸನಗಳ ಪರಿಚಯ ಈ ಕಡೆಯವರಿಗೆ ಹೊಸದೇನಲ್ಲ.

ಈ ವಿದ್ಯೆಗೆ ಶಾಸ್ತ್ರೀಯ ಮನ್ನಣೆ ತಂದವರು ಜರ್ಮನಿಯ ಹೆಟಿಂಗರ್ ಮತ್ತು ಮುಲ್ಲರ್. ದಿನಕ್ಕೆ ಕೆಲವೇ ಸೆಕೆಂಡುಗಳ ಬಿಗಿತದಿಂದ ವಾರಕ್ಕೆ ಶೇಕಡಾ 5ರಷ್ಟು ಬಲ ಹೆಚ್ಚುವುದೆಂದು ಅವರು 1953ರಲ್ಲಿ ಸಾರಿದರು. ಮುಂದಿನ ಪ್ರಯೋಗಗಳಲ್ಲಿ ಅಷ್ಟು ಲಾಭ ಎಲ್ಲರಿಗೂ ಕಂಡುಬರಲಿಲ್ಲ. ಇನ್ನೊಂದು ಮಿತಿಯೂ ಉಂಟು: ಯಾವ ಕೋನದಲ್ಲಿ ಕೀಲನ್ನು ನಿಲ್ಲಿಸುತ್ತೇವೆಯೋ ಬಹುಮಟ್ಟಿಗೆ ಅದರ ಆಸುಪಾಸಿನಲ್ಲಿಯೇ ಬಲ ಬೆಳೆಯುತ್ತದೆ. ಆದುದರಿಂದ ಎರಡು-ಮೂರು ಎತ್ತರಗಳಲ್ಲಿ ಅಭ್ಯಾಸ ಮಾಡುವುದು ಲೇಸು. ನಡಿಗೆಯನ್ನಂತೂ ಬಿಡಲಾಗದು.

ಇನ್ನು ಅಪಾಯದ ಮಾತು. ಬಿಗಿ ಹಿಡಿಯುವಾಗ ಉಸಿರನ್ನೂ ಕಟ್ಟಿಬಿಡುವುದು ಮನುಷ್ಯನ ಸಹಜ ಚಾಳಿ. ಆ ಕ್ಷಣದಲ್ಲಿ ರಕ್ತದೊತ್ತಡವು ಥಟ್ಟನೆ ಮೇಲೇರುತ್ತದೆ. ಉಸಿರು ಬಿಟ್ಟೊಡನೆ ಕುಸಿದು ತಲೆ ಸುತ್ತಲೂಬಹುದು. ಸೋಜಿಗವೆಂದರೆ, ಕ್ರಮವಾಗಿ ಅಭ್ಯಾಸ ಮಾಡಿದವರಲ್ಲಿ ವಿಶ್ರಾಂತ ಸ್ಥಿತಿಯ ಒತ್ತಡವು ಇಳಿಯುತ್ತದೆ! 270 ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ಬ್ರಿಟನ್ನಿನ ವಿದ್ವಾಂಸರ ವಿಮರ್ಶೆಯಲ್ಲಿ, ಮೇಲಿನ ಒತ್ತಡವನ್ನು ಸರಾಸರಿ 8 ಮಿಲಿಮೀಟರಿನಷ್ಟು ತಗ್ಗಿಸಿ ಮುಂದೆ ನಿಂತದ್ದು ಈ ನಿಶ್ಚಲ ವ್ಯಾಯಾಮವೇ. ಎರಡು ನಿಮಿಷದಂತೆ ನಾಲ್ಕು ಸಲ, ನಡುನಡುವೆ ವಿಶ್ರಾಂತಿ, ವಾರಕ್ಕೆ ಮೂರು ದಿನ: ಇದು ಅಲ್ಲಿ ಸಾಮಾನ್ಯವಾಗಿ ಕಂಡುಬಂದ ಕ್ರಮ. ಹಾಗೆಂದು ಯಾರೂ ಮಾತ್ರೆ ನಿಲ್ಲಿಸಬಾರದು. ಒತ್ತಡ ಹತೋಟಿಗೆ ಬಾರದವರು, ಹೃದ್ರೋಗಿಗಳು, ಅಂಡವಾಯು ಇರುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕಾಣಲಿ. ಉಳಿದವರು ಗಟ್ಟಿಯಾಗಿ ಎಣಿಸುತ್ತ ನಿಲ್ಲಲಿ. ಬಾಯಿ ಎಣಿಸುತ್ತಿರುವಷ್ಟು ಕಾಲ ಉಸಿರು ಕಟ್ಟುವುದು ಸಾಧ್ಯವಿಲ್ಲ.

ಮೊಣಕಾಲು ನೋವಿನಿಂದ ಗೋಡೆಗೆ ಒರಗಿ ಕೂರಲಾಗದ ಹಿರಿಯರಿಗೆ ಇನ್ನೂ ಸೌಮ್ಯವಾದ ಉಪಾಯವಿದೆ. ಚಾಪೆಯ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಬೈರಾಸನ್ನು ಸುರುಳಿ ಸುತ್ತಿಟ್ಟು, ಅದನ್ನು ನೆಲಕ್ಕೆ ಒತ್ತಿ ಐದು ಎಣಿಸಿ ಸಡಿಲಿಸಬೇಕು. ಕಾಲಿಗೆ ಹತ್ತು ಸಲ. ಮೊಮ್ಮಗುವಿಗೆ ಕಥೆ ಹೇಳುತ್ತಲೇ ಇದನ್ನು ಮಾಡಬಹುದು.